ಸಂನ್ಯಾಸಿಯ ಜಮೀನು

ಸಂನ್ಯಾಸಿಗೆ ಜಮೀನು ಯಾಕೆ ಎಂದು ನಮ್ಮ ಕಾಸರಗೋಡಿನ ಕಡೆ ಕೇಳುವವರು ಈಗಲೂ ಇದ್ದಾರೆ. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದು 1970ರಲ್ಲಿ. ಮಠದ ಆಸ್ತಿ ಸ್ವಾಮಿಗಳದ್ದಲ್ಲ, ಪೂಜೆ-ಅನ್ನದಾನದ್ದು ಎಂದು ನಾನು ವಾದಿಸುತ್ತೇನೆ. ಗೇಣಿ ಅಳೆದ ಮನೆತನದ ನನ್ನ ಹೆಂಡತಿ ಒಪ್ಪುವುದಿಲ್ಲ.

ಅದೇ ಮೊಕದ್ದಮೆಯಲ್ಲಿ 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7-6ರ ಬಹುಮತದಿಂದ ಹೇಳಿತು: 368ನೇ ವಿಧಿಯಡಿ ಸಂಸತ್ತು ಸಂವಿಧಾನದ ಯಾವ ಭಾಗವನ್ನೂ ತಿದ್ದಬಹುದು, ಮೂಲ ಸ್ವರೂಪವನ್ನು ಮಾತ್ರ ಕೆಡಿಸುವಂತಿಲ್ಲ. ಎಲ್ಲ ಬದಲಾದರೂ ಬದಲಾಗದೆ ಉಳಿಯುವುದು ಯಾವುದು? ವೇದಾಂತಿಗಳ ಪ್ರಶ್ನೆಯೇ. ಆದರೆ ಆತ್ಮವನ್ನು ಯಾರೂ ಬರೆದಿಲ್ಲ. ಸಂವಿಧಾನವನ್ನು ಮನುಷ್ಯರೇ ಬರೆದದ್ದು. ಅದಕ್ಕೇ ಬಹುಮತಕ್ಕೆ ಸೇರದ ಆ ಆರು ಮಂದಿಯ ಅನುಮಾನವೂ ನನಗೆ ಹಿಡಿಸುತ್ತದೆ. ಮುಖ್ಯ ನ್ಯಾಯಮೂರ್ತಿ ಸಿಕ್ರಿ ಮೂಲ ಸ್ವರೂಪದಲ್ಲಿ ಜಾತ್ಯತೀತತೆಯನ್ನೂ ಎಣಿಸಿದರು, ಅದೂ ಮಠಾಧಿಪತಿಯ ಮೊಕದ್ದಮೆಯಲ್ಲಿ! ಇನ್ನು ಜಮೀನಿನ ಮಾತಿಗೆ ಬಂದರೆ, ಕೇರಳದ ಭೂಸುಧಾರಣೆಯ ಕಾಯ್ದೆಗಳನ್ನು ರಕ್ಷಿಸಿದ 29ನೇ ತಿದ್ದುಪಡಿಯನ್ನು ಕೋರ್ಟು ಎತ್ತಿಹಿಡಿಯಿತು.