‘ದಯವಿಟ್ಟು’ ಎಂಬ ಮಾತು

ಸ್ವೀಡನ್ನಿನಲ್ಲಿ ಓದುತ್ತಿರುವ ನಮ್ಮ ಮೊಮ್ಮಗಳು ಕಳೆದ ಯುಗಾದಿಗೆ ಊರಿಗೆ ಬಂದಿದ್ದಳು. ಇಂಗ್ಲಿಷಿನ ‘ಪ್ಲೀಸ್’ ಎಂಬುದಕ್ಕೆ ಸ್ವೀಡಿಷ್ ಭಾಷೆಯಲ್ಲಿ ಸರಿಸಮನಾದ ಒಂದೇ ಪದವಿಲ್ಲವೆಂದು ಹೇಳಿದಳು. ಕನ್ನಡದಲ್ಲಿ ‘ದಯವಿಟ್ಟು’ ಇದೆಯಲ್ಲ ಎಂದು ಬೀಗಿದೆವು. “ತಾತಾ, ಮನೇಲಿ ಯಾರಾದ್ರೂ ಹಾಗಂತಾರಾ?” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಯೋಚಿಸಿದರೆ ಪ್ರತಿಯೊಂದು ಭಾಷೆಯೂ ಬೇರೊಂದನ್ನು ಬೇಡುತ್ತದೆ. ‘ನಿಮಗೆ ಇಷ್ಟವಾದರೆ’ ಎಂಬುದು ಇಂಗ್ಲಿಷ್ ಪದದ ಮೂಲಾರ್ಥ. ಅದು ಎದುರಿನವರ ಒಪ್ಪಿಗೆಯನ್ನು ಕೇಳುತ್ತದೆ. ಸ್ವೀಡನ್ನಿನವರು ‘ಒಂದು ಕಾಫಿ, ತಾಕ್’ ಎನ್ನುತ್ತಾರೆ. ತಾಕ್ ಎಂದರೆ ವಂದನೆ, ಪಡೆಯುವ ಮೊದಲೇ ಸಲ್ಲಿಸಿದ್ದು. ನಮ್ಮ ‘ದಯವಿಟ್ಟು’ ಕರುಣೆಯನ್ನು ಯಾಚಿಸುತ್ತದೆ. ಆದ್ದರಿಂದಲೇ ಅದು ರಜಾ ಅರ್ಜಿಯಲ್ಲಿ ಉಳಿಯಿತು, ಅಡುಗೆಮನೆಗೆ ಬರಲಿಲ್ಲ.

ಹಾಗಾದರೆ ನಾವು ಒರಟರೇ? ಅಲ್ಲ. ಸೇಲಂನ ನೇಕಾರರ ಮನೆಯಲ್ಲಿ ಸೊಸೆ “ಆ ಲಾಳಿ ಸ್ವಲ್ಪ ಕೊಡಿ ಅತ್ತೆ” ಎಂದರೆ, ‘ಸ್ವಲ್ಪ’ದಲ್ಲಿ, ‘ಅತ್ತೆ’ಯಲ್ಲಿ, ‘ಕೊಡಿ’ಯ ಕೊನೆಯ ಇಕಾರದಲ್ಲಿ ವಿನಯವೆಲ್ಲ ಅಡಗಿದೆ. ಬೀದಿಗಿಳಿದರೆ ತಮಿಳಿನ ‘ಕುಡುಂಗ’ದಲ್ಲೂ ಅದೇ ಮರ್ಯಾದೆ. 1965ರಲ್ಲಿ ಧರ್ಮಪುರಿ ಸೇಲಂನಿಂದ ಬೇರೆ ಜಿಲ್ಲೆಯಾಯಿತು. ಈ ಮಾತಿನ ರೀತಿ ಮಾತ್ರ ಎರಡೂ ಕಡೆ ಒಂದೇ ಆಗಿ ಉಳಿಯಿತು.

ತೊಡಕಿರುವುದು ಇಲ್ಲಿಯೇ. ‘ಪ್ಲೀಸ್’ ಎಂಬುದು ದೊರೆಗೂ ಜವಾನನಿಗೂ ಒಂದೇ. ನಮ್ಮ ಮರ್ಯಾದೆ ಕ್ರಿಯಾಪದದ ತುದಿಯಲ್ಲಿರುವುದರಿಂದ, ಬಾಯಿ ತೆರೆದಾಗಲೆಲ್ಲ ಅದನ್ನು ಯಾರಿಗೆ ಕೊಡಬೇಕು, ಯಾರಿಗೆ ಬೇಡವೆಂದು ತೀರ್ಮಾನಿಸಿಬಿಡುತ್ತೇವೆ. ನಾವು ಮುಖ್ಯೋಪಾಧ್ಯಾಯರಾಗಿದ್ದ ಶಾಲೆಯಲ್ಲಿ ಅಂಗಳ ಗುಡಿಸಿ ನೀರು ತುಂಬಿಸುತ್ತಿದ್ದ ಹಿರಿಯಾಕೆಯೊಬ್ಬರಿದ್ದರು. ‘ದಯವಿಟ್ಟು’ ಬರೆಯದ ಮಕ್ಕಳ ಅಂಕ ಕಳೆಯುತ್ತಿದ್ದ ನಾವು, ಆಕೆಗೆ ‘ನೀರು ತಾ’ ಎನ್ನುತ್ತಿದ್ದೆವು. ಒಮ್ಮೆ ಚಿಕ್ಕ ಹುಡುಗನೊಬ್ಬ ಆಕೆಗೆ ಹಾಗೆಯೇ ಅಂದಾಗ ಗದರಿಸಿದೆವು. “ನೀವೂ ಹಾಗೇ ಅಂತೀರಲ್ಲ ಸಾರ್” ಎಂದ. ಅವನ ದನಿಯಲ್ಲಿ ಉದ್ಧಟತನವಿರಲಿಲ್ಲ. ಅದಕ್ಕೇ ಹೆಚ್ಚು ನೊಂದೆವು.

ಹೆತ್ತ ತಾಯಿಯನ್ನೂ ‘ನೀನು’ ಎನ್ನುತ್ತೇವಲ್ಲ, ಅದು ಸಲಿಗೆಯಲ್ಲವೇ ಎಂದು ಕೇಳಬಹುದು. ನಿಜ, ಆದರೆ ತಾಯಿಯೂ ನಮ್ಮನ್ನು ‘ನೀನು’ ಎನ್ನುತ್ತಾಳೆ. ಆ ಹಿರಿಯಾಕೆ ನಮ್ಮನ್ನು ‘ಬಾ’ ಎಂದು ಕರೆಯಬಹುದಿತ್ತೇ? ಹಿಂದಿರುಗಿ ಬರಲಾರದ ಏಕವಚನ ಸಲಿಗೆಯಲ್ಲ, ಅಧಿಕಾರ.

ಸ್ವೀಡನ್ನಿನಲ್ಲೂ ಹಿಂದೆ ಪದವಿ ಹಿಡಿದೇ ಸಂಬೋಧಿಸುವ ರೂಢಿಯಿತ್ತು. 1967ರಲ್ಲಿ ವೈದ್ಯಕೀಯ ಮಂಡಳಿಯ ಮುಖ್ಯಸ್ಥರಾಗಿ ಬಂದ ಬ್ರೋರ್ ರೆಕ್ಸೆಡ್, ಸಿಬ್ಬಂದಿಯೆಲ್ಲರನ್ನೂ ‘ದು’, ಅಂದರೆ ‘ನೀನು’ ಎಂದೇ ಕರೆಯುವುದಾಗಿ ತಿಳಿಸಿದರು. ಆ ವರ್ಷಗಳಲ್ಲಿ ದೇಶವೇ ಆ ದಾರಿ ಹಿಡಿಯಿತು. ಅವರು ಎಲ್ಲರಿಗೂ ‘ನೀನು’ ಎಂದು ಸಮರಾದರು. ನಮ್ಮ ಸಂಸ್ಕಾರಕ್ಕೆ ಒಗ್ಗುವುದು ಎಲ್ಲರಿಗೂ ‘ನೀವು’ ಎನ್ನುವ ದಾರಿಯೆಂದು ತೋರುತ್ತದೆ.

ಈಗ ನಮ್ಮ ಮನೆಗೆಲಸದಾಕೆಗೆ ‘ಬನ್ನಿ, ಕುಳಿತುಕೊಳ್ಳಿ’ ಎನ್ನುತ್ತೇವೆ. ಮೊದಲ ಕೆಲವು ದಿನ ತಮಾಷೆ ಮಾಡುತ್ತಿದ್ದೇವೆಂದು ಆಕೆ ಮುಖ ತಿರುಗಿಸಿಕೊಂಡರು. ಒಂದು ಇಕಾರವನ್ನು ನಂಬಿಸಲು ನಮಗೆ ಒಂದು ತಿಂಗಳು ಹಿಡಿಯಿತು.