ರಾಯನ ಎಳ್ಳೆಣ್ಣೆ, ಕಂಡಕ್ಟರನ ಮೆಟ್ಟಿಲು

1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಬೆಳಗಿನ ದಿನಚರಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ರಾಯ ಬೆಳಕು ಹರಿಯುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ. ಮೈತುಂಬ ಎಣ್ಣೆ ಹಚ್ಚಿ, ಸೊಂಟಕ್ಕೆ ಬಟ್ಟೆ ಬಿಗಿದು, ಮಣ್ಣಿನ ಭಾರಗಳನ್ನು ಎತ್ತುತ್ತಿದ್ದ. ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ತಿರುಗಿಸುತ್ತಿದ್ದ. ಆಮೇಲೆ ಜಟ್ಟಿಯೊಬ್ಬನ ಜೊತೆ ಕುಸ್ತಿ. ಕುಸ್ತಿಯಾದ ಮೇಲೆ ಬಯಲಲ್ಲಿ ಕುದುರೆ ಸವಾರಿ. ಮೂಡಲು ಕೆಂಪಾಗುವಷ್ಟರಲ್ಲಿ ಇದೆಲ್ಲ ಮುಗಿದು ಸ್ನಾನಕ್ಕೆ ಹೊರಡುತ್ತಿದ್ದನಂತೆ.

ಎಣ್ಣೆಯ ಪ್ರಮಾಣವೊಂದನ್ನು ಬಿಟ್ಟರೆ ಈ ದಿನಚರಿಯನ್ನು ಇಂದಿನ ಯಾವ ವೈದ್ಯರೂ ಆಕ್ಷೇಪಿಸಲಾರರು. ಆದರೂ ರಾಯ 1529ರಲ್ಲಿ ತೀರಿಕೊಂಡ. ಹುಟ್ಟಿದ್ದು 1471ರಲ್ಲಿ ಎಂದು ಒಪ್ಪಿದರೆ ಅವನಿಗೆ ಅರವತ್ತು ತುಂಬಿರಲಿಲ್ಲ. ಪಾಯೆಸ್‌ನ ನಂತರ ಬಂದ ನೂನಿಜ್ ಹೇಳುವಂತೆ, ರಾಯನನ್ನು ಕೊಂಡೊಯ್ದದ್ದು ತೊಡೆಸಂದಿನ ನೋವು. ಅವನ ಹಿರಿಯರೆಲ್ಲ ಸತ್ತದ್ದೂ ಅದೇ ಬೇನೆಯಿಂದಂತೆ. ಅವನ ಒಬ್ಬ ಮಗ ಎಳೆಯ ವಯಸ್ಸಿನಲ್ಲೇ ಹೋಗಿಬಿಟ್ಟಿದ್ದ. ದಕ್ಷಿಣ ಭಾರತದ ಬಹುಭಾಗವನ್ನು ಆಳಿದವನ ಮನೆಯಲ್ಲಿ, ಅಷ್ಟು ನೇಮ ನಿಷ್ಠೆಯಿದ್ದ ಒಬ್ಬ ಮನುಷ್ಯನಿಗೆ ಇಷ್ಟೇ ಆಯುಷ್ಯ ಸಿಕ್ಕಿತು.

ರಾಯನ ವ್ಯಾಯಾಮ ವ್ಯರ್ಥವಾಯಿತು ಎಂದು ನಾನು ಹೇಳುತ್ತಿಲ್ಲ. ಇದ್ದಷ್ಟು ದಿನ ಅವನು ಕುದುರೆ ಏರಿ ದಂಡಯಾತ್ರೆ ನಡೆಸಿದ, ಅದು ಸಣ್ಣ ಮಾತಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒಳ್ಳೆಯ ಅಭ್ಯಾಸ ಮಾಡಿಕೊಂಡರೆ ಬಹುಕಾಲ ಬಾಳುತ್ತೀರಿ ಎಂದು ನಮಗೆ ದಿನವೂ ಬುದ್ಧಿ ಹೇಳುವವರಿದ್ದಾರೆ. ಹಾಗೆ ಬಾಳದವನು, ರೋಗಕ್ಕೆ ಬಿದ್ದವನು, ತನ್ನ ಸೋಮಾರಿತನದ ಫಲ ಉಣ್ಣುತ್ತಿದ್ದಾನೆ ಎಂಬ ತೀರ್ಪು ಆ ಮಾತಿನ ಹಿಂದೆಯೇ ಬರುತ್ತದೆ. ಅಭ್ಯಾಸ ಎನ್ನುವುದು ನಿಜವಾಗಿಯೂ ಅಷ್ಟು ಒಬ್ಬೊಬ್ಬರ ಸ್ವಂತ ಆಸ್ತಿಯೇ?

ನಮ್ಮ ಕಡೆ ಇದಕ್ಕೆ ಇನ್ನೊಂದು ಉತ್ತರ ಸಿದ್ಧವಾಗಿರುತ್ತದೆ. ಹಿಂದಿನವರು ಜೋಳದ ರೊಟ್ಟಿ ತಿಂದು ನೂರು ವರ್ಷ ಗಟ್ಟಿಮುಟ್ಟಾಗಿದ್ದರು, ಈಗಿನವರಿಗೆ ನಲವತ್ತಕ್ಕೇ ಶುಗರ್ ಎನ್ನುವ ಮಾತು. ಹೊಸಪೇಟೆಯ ಯಾವ ಕಟ್ಟೆಯ ಮೇಲೆ ಕೂತರೂ ಇದು ಕೇಳಿಸುತ್ತದೆ. ಆದರೆ ಆ ನೂರು ವರ್ಷದ ಲೆಕ್ಕ ಬರುವುದು ಎಲ್ಲಿಂದ? ಕಮಲಾಪುರದ ಕಡೆಯ ಅಜ್ಜಿಯೊಬ್ಬರಿಗೆ ವಯಸ್ಸೆಷ್ಟು ಎಂದು ಕೇಳಿದೆ. "ಯಾರಿಗ್ಗೊತ್ತು ಯಪ್ಪಾ, ಡ್ಯಾಮ್ ಕಟ್ಟೋ ಟೈಮಿಗೆ ನಾನು ದನ ಕಾಯಾಕ ಹೋಗ್ತಿದ್ದೆ" ಎಂದರು. ನಮ್ಮ ಭಾಗದ ಒಂದು ಇಡೀ ಪೀಳಿಗೆಗೆ ತುಂಗಭದ್ರಾ ಅಣೆಕಟ್ಟೇ ಜನನ ಪ್ರಮಾಣಪತ್ರ. 1945ರಲ್ಲಿ ಆರಂಭವಾದ ಆ ಕೆಲಸ ಮುಗಿದದ್ದು 1953ರಲ್ಲಿ. ನಡುವಿನ ಎಂಟು ವರ್ಷಗಳಲ್ಲಿ ದನ ಕಾಯುವ ಹುಡುಗಿಯ ವಯಸ್ಸು ಎಷ್ಟಾದರೂ ಆಗಿರಬಹುದು. ಈ ಸಮಸ್ಯೆ ನಮ್ಮದೊಂದೇ ಅಲ್ಲ. ಜಗತ್ತಿನ ದೀರ್ಘಾಯುಷಿಗಳ ತಾಣಗಳೆಂದು ಹೆಸರಾದ ಊರುಗಳ ದಾಖಲೆಗಳನ್ನು ಕೆದಕಿದ ಸಾಲ್ ನ್ಯೂಮನ್ ಎಂಬ ಸಂಶೋಧಕ, ನೂರು ದಾಟಿದವರು ಹೆಚ್ಚಾಗಿ ಕಾಣಿಸಿಕೊಳ್ಳುವುದು ದಾಖಲೆ ಕೆಟ್ಟಿರುವ ಕಡೆಯೇ ಎಂದು ತೋರಿಸಿದ. ಜಪಾನಿನಲ್ಲಿ 2010ರಲ್ಲಿ ಪರಿಶೀಲಿಸಿದಾಗ, ಕಡತದಲ್ಲಿ ಬದುಕಿದ್ದ ಎರಡು ಲಕ್ಷಕ್ಕೂ ಹೆಚ್ಚು ಶತಾಯುಷಿಗಳು ಎಲ್ಲಿದ್ದಾರೆಂಬುದೇ ಪತ್ತೆಯಾಗಲಿಲ್ಲ.

ಅದೇ ಅಜ್ಜಿ ಇನ್ನೊಂದು ಮಾತನ್ನೂ ಹೇಳಿದರು. ಹೆತ್ತ ಮಕ್ಕಳಲ್ಲಿ ಅರ್ಧದಷ್ಟೂ ಉಳಿಯಲಿಲ್ಲ ಎಂದು. ಕಟ್ಟೆಯ ಮಾತುಕತೆಯಲ್ಲಿ ಈ ಅರ್ಧ ಯಾವಾಗಲೂ ಬಿಟ್ಟುಹೋಗುತ್ತದೆ. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಷ್ಯ ಮೂವತ್ತೆರಡರ ಆಸುಪಾಸು. ಇಂದು ಎಪ್ಪತ್ತರ ಹತ್ತಿರ. ಈ ವ್ಯತ್ಯಾಸವನ್ನು ತಂದದ್ದು ಯಾರ ಸಂಕಲ್ಪಬಲವೂ ಅಲ್ಲ. ಸಿಡುಬು ಹೋಯಿತು. ಮೆಟ್ಟಿಲುಬಾವಿಗಿಳಿದು ನೀರು ತರುತ್ತಿದ್ದವರ ಕಾಲಲ್ಲಿ ಹುಳುವಾಗಿ ಹೊರಬರುತ್ತಿದ್ದ ನಾರುಹುಣ್ಣು ಹೋಯಿತು. ಭಾರತ ಅದರಿಂದ ಮುಕ್ತವೆಂದು 2000ದಲ್ಲಿ ಘೋಷಣೆಯಾಯಿತು. ಲಸಿಕೆ ಹಾಕುವ ನರ್ಸ್ ಹಳ್ಳಿಗೆ ಬಂದಳು, ಬೋರ್‌ವೆಲ್ ಬಂತು, ಹೆರಿಗೆ ಆಸ್ಪತ್ರೆಗೆ ಹೋಯಿತು. ರಾಯನ ಅರಮನೆಗೂ ದೊರೆಯದ ರಕ್ಷಣೆ ಇಂದು ಕೂಲಿಯವನ ಮಗುವಿಗೆ ಸಿಗುತ್ತಿದೆ. ಹಳೆಯ ಕಾಲದ ಗುಣಗಾನ ಮಾಡುವವರು ಇದನ್ನು ಮರೆತರೆ ಸತ್ತ ಮಕ್ಕಳಿಗೆ ಅನ್ಯಾಯ ಮಾಡಿದಂತೆ.

ಹಾಗಾದರೆ ಜೋಳದ ರೊಟ್ಟಿಯ ಮಾತು ಬರೀ ಕಟ್ಟುಕತೆಯೇ? ಅಲ್ಲ. ರೊಟ್ಟಿ ಬಡಿಯುವ ಹೆಂಗಸನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಒಂದು ಮೊಣಕಾಲು ಮಡಚಿ, ಇನ್ನೊಂದನ್ನು ಎತ್ತಿ, ಒಲೆಯ ಮುಂದೆ ನೆಲಕ್ಕೆ ಕೂರುತ್ತಾಳೆ. ಬಿಸಿನೀರಲ್ಲಿ ಕಲಸಿದ ಹಿಟ್ಟನ್ನು ಅಂಗೈಯಿಂದ ನಾದುತ್ತಾಳೆ. ಭುಜದ ಬಲ ಪೂರ್ತಿ ಅದಕ್ಕೆ ಬೀಳಬೇಕು, ಇಲ್ಲದಿದ್ದರೆ ರೊಟ್ಟಿಯ ಅಂಚು ಒಡೆಯುತ್ತದೆ. ಬಡಿದದ್ದನ್ನು ಎತ್ತಿ ಹಂಚಿಗೆ ಹಾಕಿ ಮೇಲೆ ನೀರು ಸವರುತ್ತಾಳೆ. ಹಿಟ್ಟು ತೀರಿತೆಂದು ಏಳುತ್ತಾಳೆ, ಮತ್ತೆ ಕೂರುತ್ತಾಳೆ. ಬ್ರೆಜಿಲ್‌ನ ವೈದ್ಯರು ಐವತ್ತೊಂದರಿಂದ ಎಂಬತ್ತು ವರ್ಷದ ಎರಡು ಸಾವಿರ ಜನರನ್ನು ನೆಲಕ್ಕೆ ಕೂರಿಸಿ ಏಳಿಸಿ ನೋಡಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಯಾವ ಆಸರೆಯೂ ಇಲ್ಲದೆ ಕೂತು ಏಳಬಲ್ಲವರಲ್ಲಿ ಮುಂದಿನ ವರ್ಷಗಳ ಸಾವು ಬಹಳ ಕಡಿಮೆಯಿತ್ತು. ಒಲೆಯ ಮುಂದಿನ ಹೆಂಗಸಿಗೆ ಇದೊಂದು ಪರೀಕ್ಷೆಯೆಂದೇ ತಿಳಿಯದು. ಒಲೆ ನೆಲದ ಮೇಲಿದೆ, ಆದ್ದರಿಂದ ಅವಳು ನೆಲಕ್ಕೆ ಕೂರುತ್ತಾಳೆ.

1953ನೇ ಇಸವಿಗೆ ನನ್ನ ಮನಸ್ಸಿನಲ್ಲಿ ಎರಡು ಕಾರಣಕ್ಕೆ ಜಾಗವಿದೆ. ಒಂದು ನಮ್ಮ ಅಣೆಕಟ್ಟು. ಇನ್ನೊಂದು ಲಂಡನ್ನಿನ ಜೆರ್ರಿ ಮೋರಿಸ್ ಎಂಬ ವೈದ್ಯ ಆ ವರ್ಷ ಪ್ರಕಟಿಸಿದ ಅಧ್ಯಯನ. ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಕೂತೇ ದುಡಿಯುವ ಡ್ರೈವರ್‌ಗಳಿಗಿಂತ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಿಗೆ ಹೃದಯಾಘಾತ ಕಡಿಮೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ನಡೆದಾಡಿದರೆ ಹೃದಯಕ್ಕೆ ಒಳ್ಳೆಯದು ಎಂಬ ಇಂದಿನ ಸಾಮಾನ್ಯ ತಿಳಿವಳಿಕೆಗೆ ಬೇರು ಅಲ್ಲಿದೆ. ಡ್ರೈವರ್‌ಗಳು ಕೆಲಸಕ್ಕೆ ಸೇರುವಾಗಲೇ ಕೊಂಚ ದಪ್ಪಗಿದ್ದರೆಂದು ಮೋರಿಸರೇ ಮುಂದೆ ಅವರ ಸಮವಸ್ತ್ರಗಳ ಅಳತೆಯಿಂದ ಕಂಡುಹಿಡಿದು ಪ್ರಾಮಾಣಿಕವಾಗಿ ಬರೆದರು. ಆದರೂ ವ್ಯಾಯಾಮದ ಮಾತು ಆಮೇಲಿನ ಅಧ್ಯಯನಗಳಲ್ಲಿ ಗಟ್ಟಿಯಾಗಿಯೇ ನಿಂತಿತು. ಮೋರಿಸರು ತೊಂಬತ್ತೊಂಬತ್ತು ವರ್ಷ ಬಾಳಿದರು.

ಆ ಅಧ್ಯಯನದಿಂದ ಜಗತ್ತು ಕಲಿತ ಪಾಠ, ವ್ಯಾಯಾಮ ಮಾಡಿ ಎಂಬುದು. ನನಗೆ ಅದರಲ್ಲಿ ಕಾಣುವುದು ಇನ್ನೊಂದು. ಆ ಕಂಡಕ್ಟರ್‌ಗಳಲ್ಲಿ ಯಾರೂ ನೇಮ ಹಿಡಿದಿರಲಿಲ್ಲ. ಅವರ ಹೃದಯ ಕಾದದ್ದು ಬಸ್ಸಿನ ಮೆಟ್ಟಿಲು. ಹೊಸಪೇಟೆಯಲ್ಲಿ ಜಂಬುನಾಥನ ಗುಡ್ಡ ಹತ್ತುವವರನ್ನೇ ನೋಡಿ. ದೇವರು ಮೇಲಿರುವುದರಿಂದ ಅವರು ಹತ್ತುತ್ತಾರೆ. ದೇವಸ್ಥಾನ ಕೆಳಗಿದ್ದಿದ್ದರೆ ಎಪ್ಪತ್ತು ವರ್ಷದ ಯಾವ ಹಿರಿಯರೂ ಬರೀ ಮಂಡಿಯ ಕ್ಷೇಮಕ್ಕೆಂದು ಅಷ್ಟು ಮೆಟ್ಟಿಲು ಹತ್ತುತ್ತಿರಲಿಲ್ಲ. ಸೋಮವಾರದ ಒಪ್ಪತ್ತು, ಏಕಾದಶಿಯ ಉಪವಾಸ ಕೂಡ ಹಾಗೆಯೇ. ಪಂಚಾಂಗವೇ ನೆನಪಿಸುತ್ತದೆ, ಮನೆಯವರೆಲ್ಲ ಜೊತೆಗಿರುತ್ತಾರೆ. ಒಬ್ಬನೇ ಹೋರಾಡಿ ಹಸಿವನ್ನು ಗೆಲ್ಲುವ ಅಗತ್ಯ ಬೀಳುವುದಿಲ್ಲ. ರಾಯನಿಗೂ ಎಣ್ಣೆ ತಿಕ್ಕುವವರು, ಎದುರು ನಿಲ್ಲುವ ಜಟ್ಟಿ, ಕುದುರೆ, ಬಯಲು ಎಲ್ಲ ಸಿದ್ಧವಾಗಿರುತ್ತಿದ್ದವು ಎಂಬುದನ್ನು ನೆನೆಯಬೇಕು.

ಕಂಪ್ಲಿಗೆ ಹೋದರೆ ಈ ವಾದ ಜಟಿಲವಾಗುತ್ತದೆ. ವಿಜಯನಗರ ಕಾಲದ ಕಾಲುವೆಗಳ ಕೆಳಗೆ ಅಲ್ಲಿ ಮೊದಲೇ ಗದ್ದೆಗಳಿದ್ದವು. ಅಣೆಕಟ್ಟಿನ ನೀರು ಬಂದ ಮೇಲೆ ಕಂಪ್ಲಿ, ಗಂಗಾವತಿ ಸೀಮೆಯ ತುಂಬ ಭತ್ತ ಹರಡಿತು. ತಟ್ಟೆಯಲ್ಲಿ ಜೋಳ, ನವಣೆ, ಸಜ್ಜೆ ಹಿಂದೆ ಸರಿದು ಪಾಲಿಶ್ ಮಾಡಿದ ಸೋನಾ ಮಸೂರಿ ಮುಂದೆ ಬಂತು. ಇದನ್ನು ಬರೀ ನಷ್ಟವೆನ್ನಲು ನನಗೆ ಮನಸ್ಸಿಲ್ಲ. 1876ರಿಂದ 78ರವರೆಗಿನ ಭೀಕರ ಬರದಲ್ಲಿ ಬಳ್ಳಾರಿ ಸೀಮೆಯ ಜನ ಹಸಿದು ಸತ್ತ ನೆಲ ಇದು. ಅಲ್ಲಿ ಅನ್ನ ಹೊಟ್ಟೆತುಂಬ ಸಿಕ್ಕಿದ್ದು ದೊಡ್ಡ ಮಾತು. ಆದರೆ ಹಸಿವಿನಿಂದ ಪಾರು ಮಾಡಿದ ಅನ್ನವೇ, ಮೈಬಗ್ಗಿಸುವ ಕೆಲಸ ಕಡಿಮೆಯಾದ ಮೇಲೆ, ಮೂರು ಹೊತ್ತೂ ಉಂಡವರಿಗೆ ಸಕ್ಕರೆ ಕಾಯಿಲೆಯಾಗಿ ಕಾಡುತ್ತಿದೆ. ದೇಶದಲ್ಲಿ ಹತ್ತು ಕೋಟಿ ಜನ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಹೇಳಿತು. ಪಡಿತರದಲ್ಲಿ ಅಕ್ಕಿ, ಮದುವೆಯಲ್ಲಿ ಅಕ್ಕಿ, ಬಿಸಿಯೂಟದಲ್ಲಿ ಅಕ್ಕಿ ಎಂದಾದ ಮೇಲೆ ಜೋಳ ತಿನ್ನಿ ಎಂಬ ಬುದ್ಧಿಮಾತು ಎಷ್ಟು ದೂರ ನಡೆದೀತು?

ಅಲ್ಲೇ ಗದ್ದೆಯಲ್ಲಿ ನಾಟಿ ಹಚ್ಚುವ ಹೆಂಗಸರಿದ್ದಾರೆ. ಬೆಳಗಿನಿಂದ ಸಂಜೆಯವರೆಗೆ ಬಗ್ಗಿದ ಬೆನ್ನು, ಕೆಸರಲ್ಲಿ ಕಾಲು. ವ್ಯಾಯಾಮದ ಲೆಕ್ಕದಲ್ಲಿ ಇವರು ನಮ್ಮೆಲ್ಲರಿಗಿಂತ ಆರೋಗ್ಯವಾಗಿರಬೇಕಿತ್ತು. ಆದರೆ ಐವತ್ತಕ್ಕೇ ಅವರ ಸೊಂಟ ಹಿಡಿದಿರುತ್ತದೆ, ಮಂಡಿ ಸವೆದಿರುತ್ತದೆ. ಬಿಡುವಿನಲ್ಲಿ ಮಾಡುವ ವ್ಯಾಯಾಮದ ಲಾಭ ಹೊಟ್ಟೆಪಾಡಿನ ದುಡಿಮೆಗೆ ಸಿಗುವುದಿಲ್ಲ ಎಂದು ಡೆನ್ಮಾರ್ಕಿನ ಸಂಶೋಧಕರೂ ಕಂಡುಕೊಂಡಿದ್ದಾರೆ. ಸಾಕೆನಿಸಿದಾಗ ನಿಲ್ಲಿಸುವ ಸ್ವಾತಂತ್ರ್ಯ ರಾಯನಿಗಿತ್ತು, ನಾಟಿಯವಳಿಗಿಲ್ಲ. ಕಷ್ಟಪಟ್ಟು ದುಡಿದರೆ ಆಯುಷ್ಯ ಹೆಚ್ಚುತ್ತದೆ ಎಂದು ಅವಳ ಮುಂದೆ ನಿಂತು ಹೇಳುವುದು ಕ್ರೌರ್ಯ.

ಸಂಡೂರಿನ ಮಾತು ಚಿಕ್ಕದು, ಆದರೆ ನನ್ನ ವಾದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂದು, ಅದರ ಬೆನ್ನಿಗೇ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವವರೆಗೆ, ಅದಿರಿನ ಲಾರಿ ಓಡುವ ರಸ್ತೆಯ ಪಕ್ಕದ ಹಳ್ಳಿಗಳಲ್ಲಿ ಮರದ ಎಲೆ ಹಸಿರಾಗಿ ಕಾಣುತ್ತಿರಲಿಲ್ಲ. ಕೆಂಪು ಧೂಳು ಹೊದ್ದು ನಿಂತಿರುತ್ತಿತ್ತು. ಒಣಹಾಕಿದ ಬಟ್ಟೆ, ಮುಚ್ಚದ ಪಾತ್ರೆ, ಮಲಗಿದ ಕೂಸಿನ ಮುಖ, ಎಲ್ಲ ಕೆಂಪು. ಆ ಹಳ್ಳಿಯವನಿಗೆ ಬೆಳಿಗ್ಗೆ ಎದ್ದು ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದು ಯಾರು ಹೇಳಬಲ್ಲರು? ಗಣಿಬಾಧಿತ ಪ್ರದೇಶಗಳ ಕುಡಿಯುವ ನೀರಿಗೆ, ಆರೋಗ್ಯಕ್ಕೆ, ಪರಿಸರಕ್ಕೆ ವೆಚ್ಚ ಮಾಡಲೆಂದು ಜಿಲ್ಲಾ ಖನಿಜ ಪ್ರತಿಷ್ಠಾನದ ಕಾನೂನು 2015ರಲ್ಲಿ ಬಂದಿದೆ. ಸಂಡೂರಿನವರ ಆಯುಷ್ಯದ ಬಹುಪಾಲು ಆ ಹಣ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿದೆ.

ಇಷ್ಟು ಹೇಳಿದ ಮೇಲೆ, ಮನುಷ್ಯನ ಕೈಯಲ್ಲಿ ಏನೂ ಇಲ್ಲವೇ ಎಂದು ಕೇಳಬಹುದು. ತಂಬಾಕು ಬಾಯಿಗೆ ಹಾಕುವುದು ಅವನದೇ ಕೈ. ನಿಜ, ಅದನ್ನು ಬಿಟ್ಟವರನ್ನು ಕಂಡರೆ ನನಗೆ ಗೌರವವಿದೆ. ಬಿಡುವಾಗಿನ ತಳಮಳವನ್ನು ಯಾವ ಸರ್ಕಾರವೂ ಅವರ ಪರವಾಗಿ ಅನುಭವಿಸಲಾರದು. ಆದರೆ ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆಮೇಲೂ ಪಾನ್ ಮಸಾಲಾ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಜೋಡಿಯಾಗಿ ತೂಗುವ ಅಂಗಡಿಗಳು ಬೀದಿ ಬೀದಿಯಲ್ಲಿವೆ. ಹದಿನೈದರ ಹುಡುಗನ ಕಣ್ಣಳತೆಗೆ ಸರಿಯಾಗಿ ಅವನ್ನು ತೂಗುಹಾಕಿದವರನ್ನು ಬಿಟ್ಟು, ಹುಡುಗನ ಮನೋಬಲವನ್ನಷ್ಟೇ ಅಳೆಯುವುದು ನ್ಯಾಯವಲ್ಲ.

ಮನೋಭಾವದ ವಿಷಯಕ್ಕೆ ಬಂದರೆ, ಹೊಳೆಯಾಚೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರು ಹೇಳಲೇಬೇಕು. ತೊಗಲುಬೊಂಬೆಯಾಟವನ್ನು ಎಪ್ಪತ್ತಕ್ಕೂ ಹೆಚ್ಚು ವರ್ಷ ಆಡಿಸಿದ ಅವರಿಗೆ, ತೊಂಬತ್ತಾರರ ವಯಸ್ಸಿನಲ್ಲಿ, 2025ರಲ್ಲಿ ಪದ್ಮಶ್ರೀ ಬಂತು. ಒಬ್ಬರ ಬದುಕಿನಿಂದ ಸೂತ್ರ ತೆಗೆಯಬಾರದು, ನಾನೂ ತೆಗೆಯುವುದಿಲ್ಲ. ಆದರೆ ಮುದಿವಯಸ್ಸಿನಲ್ಲೂ ತಮ್ಮ ಕೈಗೆ ಕೆಲಸ, ಆ ಕೆಲಸಕ್ಕೆ ನೋಡುವ ಕಣ್ಣುಗಳು ಇದ್ದವರ ಮುಖದ ಕಳೆಯೇ ಬೇರೆ ಎಂಬುದನ್ನು ನಮ್ಮ ಓಣಿಗಳಲ್ಲೂ ಕಾಣುತ್ತೇನೆ. ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಹಾಸಿ ಕೌದಿ ಹೊಲಿಯುವ ಅಜ್ಜಿಯರು ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಾರೆ. ಹುಟ್ಟಲಿರುವ ಕೂಸಿಗೆ ಆ ಕೌದಿ ಬೇಕಾಗಿದೆ ಎಂದು ಅಜ್ಜಿಗೆ ಗೊತ್ತು. ಬೇಕಾದವಳಾಗಿ ಬದುಕುವ ಈ ಭಾವನೆಯನ್ನು ಯಾರೂ ಒಬ್ಬರೇ ಕೂತು ಬೆಳೆಸಿಕೊಳ್ಳಲಾಗದು. ಕೌದಿ ಕೇಳುವವರು ಮನೆಯಲ್ಲಿರಬೇಕು. ಅಂಗಡಿಯಿಂದ ಬ್ಲಾಂಕೆಟ್ ತಂದು "ನೀವು ಆರಾಮಾಗಿ ಕೂತ್ಕೊಳ್ರಿ" ಎಂದು ಪ್ರೀತಿಯಿಂದಲೇ ಹೇಳುವ ಮಗ, ತಾಯಿಯ ದಿನದಿಂದ ಏನನ್ನು ತೆಗೆದುಕೊಂಡೆ ಎಂದು ಯೋಚಿಸಬೇಕು.

ಹೊಸಪೇಟೆ 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ರಸ್ತೆಗಳು ಅಗಲವಾಗುತ್ತಿವೆ, ಕಚೇರಿಗಳು ಏಳುತ್ತಿವೆ. ಒಂದು ಊರು ತನ್ನ ಜನರ ಅಭ್ಯಾಸಗಳನ್ನು ಗೊತ್ತುಮಾಡುವುದು ಇಂಥ ಸಮಯದಲ್ಲೇ. ರಸ್ತೆ ಬದಿಯಲ್ಲಿ ಬುಟ್ಟಿಯಿಟ್ಟು ತರಕಾರಿ ಮಾರುವ ಹೆಂಗಸೊಬ್ಬಳನ್ನು ಕೇಳಿದೆ, ಇಂಥ ಬಿಸಿಲಲ್ಲಿ ನೀರು ಯಾಕೆ ಕುಡಿಯುವುದಿಲ್ಲ ಎಂದು. "ಕುಡಿದ್ರ ಎಲ್ಲಿಗೆ ಹೋಗ್ಲಿ ಅಣ್ಣಾ?" ಎಂದಳು. ಉರಿಮೂತ್ರಕ್ಕೆ ಅವಳು ಡಾಕ್ಟರ ಹತ್ತಿರ ಹೋಗಿ ಬಂದಿದ್ದಾಳೆ, ದಿನಕ್ಕೆ ಮೂರು ಲೀಟರ್ ಕುಡಿ ಎಂಬ ಸಲಹೆಯೂ ಸಿಕ್ಕಿದೆ. ಅವಳಿಗೆ ಆರೋಗ್ಯದ ತಿಳಿವಳಿಕೆ ಇಲ್ಲ ಎಂದು ನಾನು ಒಪ್ಪುವುದಿಲ್ಲ. ಮಾರುಕಟ್ಟೆಯ ಹತ್ತಿರ ಬೀಗ ಹಾಕದ, ನೀರಿರುವ ಒಂದು ಹೆಂಗಸರ ಶೌಚಾಲಯ, ಕೂತು ಮಾರಲು ಒಂದಿಷ್ಟು ನೆರಳು, ಹಿರಿಯರು ಎಡವದೆ ನಡೆಯಬಹುದಾದ ಒಂದು ಫುಟ್‌ಪಾತ್, ಇವು ನಗರಸಭೆಯ ಮುಂದಿನ ಬಜೆಟ್ಟಿನಲ್ಲಿ ಸೇರಬೇಕು. ಸೇರಿಸುವಾಗ ಅವನ್ನು ಆರೋಗ್ಯದ ಲೆಕ್ಕಕ್ಕೇ ಬರೆಯಬೇಕು.