ಪ್ರೀತಿ ತಲುಪದ ಮಕ್ಕಳು

ಮಕ್ಕಳ ಹಕ್ಕುಗಳ ಮೊದಲ ಅಂತರರಾಷ್ಟ್ರೀಯ ಘೋಷಣೆಯನ್ನು ಬರೆದಾಕೆಗೆ ಮಕ್ಕಳೆಂದರೆ ಅಂಥ ಅಕ್ಕರೆಯೇನೂ ಇರಲಿಲ್ಲ. ಎಗ್ಲಂಟೈನ್ ಜೆಬ್ ಹುಟ್ಟಿದ್ದು 1876ರಲ್ಲಿ, ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ. ಆಕ್ಸ್‌ಫರ್ಡಿನಲ್ಲಿ ಇತಿಹಾಸ ಓದಿ, ಮಾರ್ಲ್‌ಬರೋ ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ ಸ್ವಲ್ಪ ಕಾಲ ಪಾಠ ಹೇಳಿದರು. ತರಗತಿಯ ಗಲಾಟೆ ಅವರನ್ನು ಹೈರಾಣು ಮಾಡಿತು. ಇದು ತನಗೆ ಒಗ್ಗುವ ಕೆಲಸವಲ್ಲವೆಂದು ಬಿಟ್ಟುಬಿಟ್ಟರು. ಮದುವೆಯಾಗಲಿಲ್ಲ, ಸ್ವಂತ ಮಕ್ಕಳಿರಲಿಲ್ಲ.

ಇದು ತಿಳಿದಾಗ ಮೊದಲಿಗೆ ಇರುಸುಮುರುಸಾಗುತ್ತದೆ. ಇಂಥ ಕೆಲಸಕ್ಕೆ ತಾಯ್ತನದ ಮನಸ್ಸೊಂದು ಇರಲೇಬೇಕೆಂದು ನಾವು ಕೇಳದೆಯೇ ನಂಬಿರುತ್ತೇವೆ. ಯೋಚಿಸುತ್ತ ಹೋದಂತೆ, ಜೆಬ್ ಹಾಗಿದ್ದುದೇ ಒಳ್ಳೆಯದಾಯಿತೇನೋ ಅನ್ನಿಸತೊಡಗುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಗಾದೆ, ಪರರ ಮನೆಯ ಹೆಗ್ಗಣ ನಮಗೆ ಹೆಗ್ಗಣವೇ ಎಂಬುದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಪ್ರೀತಿ ತನ್ನವರನ್ನು ಆರಿಸಿಕೊಳ್ಳುತ್ತದೆ. ಅದು ಅದರ ದೋಷವಲ್ಲ, ಸ್ವಭಾವ. ಮನೆಯಿಂದ ಬೀದಿಗೆ, ಬೀದಿಯಿಂದ ಊರಿಗೆ ಹೊರಟ ಅಕ್ಕರೆ ದೇಶದ ಗಡಿ ಮುಟ್ಟುವಷ್ಟರಲ್ಲಿ ತೆಳುವಾಗಿರುತ್ತದೆ. ಶತ್ರುವಿನ ಮನೆಯ ಮಗುವಿನವರೆಗೆ ಅದು ಹೋಗುವುದು ಅಪರೂಪ. ಹಾಗಾದರೆ ಪ್ರೀತಿ ತಲುಪದ ಕಡೆ ಹುಟ್ಟಿದ ಮಕ್ಕಳ ಗತಿಯೇನು?

ಜೆಬ್ ಎದುರಿಗೆ ನಿಂತದ್ದು ಅಂಥ ಮಕ್ಕಳೇ. 1918ರ ನವೆಂಬರ್ 11ರಂದು ಮೊದಲ ಮಹಾಯುದ್ಧದ ಬಂದೂಕುಗಳು ಸುಮ್ಮನಾದವು. ಆದರೆ ಸೋತ ದೇಶಗಳಿಗೆ ಸರಕು ಹೋಗದಂತೆ ಬ್ರಿಟನ್ ಮತ್ತು ಅದರ ಮಿತ್ರರಾಷ್ಟ್ರಗಳು ಹಾಕಿದ್ದ ಸಮುದ್ರ ದಿಗ್ಬಂಧನ ಸುಮ್ಮನಾಗಲಿಲ್ಲ. ಜರ್ಮನಿಯ ಮೇಲಿನ ದಿಗ್ಬಂಧನ ಪೂರ್ತಿ ತೆರವಾದದ್ದು 1919ರ ಜುಲೈನಲ್ಲಿ. ಈ ನಡುವೆ ಆಸ್ಟ್ರಿಯಾದ ವಿಯೆನ್ನಾದಲ್ಲಿ ಹಾಲಿಗೂ ಬೆಣ್ಣೆಗೂ ಬರ. ಮಕ್ಕಳ ಎಳೆಯ ಮೂಳೆಗಳು ಬಾಗುತ್ತಿದ್ದವು. ಜೆಬ್ ಅವರ ತಂಗಿ ಡೊರೊಥಿ ಬಕ್ಸ್‌ಟನ್ ಯುದ್ಧದ ವರ್ಷಗಳಲ್ಲಿ ಶತ್ರು ದೇಶಗಳ ಪತ್ರಿಕೆಗಳನ್ನೂ ತರಿಸಿ, ಅಲ್ಲಿನ ಬರಹಗಳನ್ನು ಇಂಗ್ಲಿಷಿಗೆ ತಂದು ‘ಕೇಂಬ್ರಿಜ್ ಮ್ಯಾಗಜೀನ್’ನಲ್ಲಿ ಪ್ರಕಟಿಸುತ್ತಿದ್ದರು. ಅಕ್ಕನೂ ಕೈಜೋಡಿಸಿದ್ದರು. ಆ ದಡದ ಹಸಿವು ಈ ದಡದವರ ಕಣ್ಣಿಗೆ ಬಿದ್ದದ್ದು ಹೀಗೆ, ಎದುರಾಳಿ ಬರೆದುಕೊಂಡದ್ದನ್ನು ಓದುವ ತಾಳ್ಮೆ ಇದ್ದ ಇಬ್ಬರು ಹೆಂಗಸರಿಂದ.

1919ರ ವಸಂತದಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಜೆಬ್ ಕರಪತ್ರ ಹಂಚಿದರು. ಅದರಲ್ಲಿ ಹಸಿವಿನಿಂದ ಬಾಡಿದ ಆಸ್ಟ್ರಿಯಾದ ಮಗುವೊಂದರ ಚಿತ್ರ, ಜೊತೆಗೆ ಇದಕ್ಕೆ ನಮ್ಮ ದಿಗ್ಬಂಧನವೇ ಕಾರಣವೆಂಬ ನೇರ ಆರೋಪ. ಸೆನ್ಸಾರಿನ ಒಪ್ಪಿಗೆಯಿಲ್ಲದ ಕರಪತ್ರವೆಂದು ಅವರನ್ನು ಬಂಧಿಸಲಾಯಿತು. ನ್ಯಾಯಾಲಯದಲ್ಲಿ ತಮ್ಮ ಪರ ತಾವೇ ಮಾತಾಡಿದರು, ಸೋತರು. 5 ಪೌಂಡ್ ದಂಡ ಬಿತ್ತು. ಸರ್ಕಾರದ ಪರ ವಾದಿಸಿ ಗೆದ್ದ ಆರ್ಚಿಬಾಲ್ಡ್ ಬಾಡ್ಕಿನ್ ಅಷ್ಟೇ ಮೊತ್ತವನ್ನು ತಮ್ಮ ಜೇಬಿನಿಂದ ತೆಗೆದು ಜೆಬ್ ಕೈಗಿತ್ತರು. ಅದೇ ವರ್ಷ ಮೇ 19ರಂದು ರಾಯಲ್ ಆಲ್ಬರ್ಟ್ ಹಾಲ್‌ನ ತುಂಬಿದ ಸಭೆಯಲ್ಲಿ ‘ಸೇವ್ ದ ಚಿಲ್ಡ್ರನ್ ಫಂಡ್’ ಹುಟ್ಟಿತು. ಶತ್ರುಗಳ ಮಕ್ಕಳಿಗಾಗಿ ಹಣ ಎತ್ತುವವರ ಮೇಲೆ ಎಸೆಯಲೆಂದು ಕೊಳೆತ ತರಕಾರಿ ಹಿಡಿದು ಬಂದವರೂ ಆ ಸಭೆಯಲ್ಲಿದ್ದರಂತೆ.

ಎರಡು ವರ್ಷಗಳಲ್ಲಿ ಇನ್ನೂ ಕಠಿಣವಾದ ಪ್ರಸಂಗ ಬಂತು. 1921ರಲ್ಲಿ ರಷ್ಯಾದ ವೋಲ್ಗಾ ಸೀಮೆಯಲ್ಲಿ ಭೀಕರ ಬರ. ಬ್ರಿಟನ್ನಿನ ಸಿರಿವಂತರಿಗೆ ರಷ್ಯಾವನ್ನು ಆಳುತ್ತಿದ್ದ ಕಮ್ಯುನಿಸ್ಟ್ ಬೋಲ್ಶೆವಿಕರೆಂದರೆ ಜರ್ಮನರಿಗಿಂತಲೂ ದೊಡ್ಡ ಭೂತ. ಸಂಸ್ಥೆ ಹಡಗಿನಲ್ಲಿ ಆಹಾರ ಸಾಗಿಸಿ, ಸರಾತೊವ್ ಪ್ರಾಂತದಲ್ಲಿ ಅಡುಗೆಮನೆಗಳನ್ನು ತೆರೆದು ಮಕ್ಕಳಿಗೆ ಉಣಬಡಿಸಿತು. ಇಲ್ಲಿ ನಮ್ಮವರೇ ಕೆಲಸವಿಲ್ಲದೆ ಕೂತಿರುವಾಗ ಅಲ್ಲಿಗೇಕೆ ರೊಟ್ಟಿ ಎಂದು ‘ಡೈಲಿ ಎಕ್ಸ್‌ಪ್ರೆಸ್’ ಹರಿಹಾಯ್ದಿತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ನಾವು ಮೂದಲಿಸುವುದೂ ಇದನ್ನೇ. ಈ ಆಕ್ಷೇಪವನ್ನು ಕಟುಕರ ಮಾತೆಂದು ತಳ್ಳಿಹಾಕುವಂತಿಲ್ಲ. ಪಕ್ಕದ ಬೀದಿಯ ಬಡತನವನ್ನು ಕಂಡವರ ಬಾಯಲ್ಲೂ ಇದು ಬರುತ್ತದೆ. ಕರುಣೆಯ ಮಟ್ಟದಲ್ಲೇ ನಿಂತು ವಾದಿಸಿದರೆ ಇದಕ್ಕೆ ಉತ್ತರವೂ ಸಿಗುವುದಿಲ್ಲ. ಕರುಣೆಗೆ ಅಳತೆಯಿದೆ, ಅಲ್ಲಿ ಸುರಿದಷ್ಟೂ ಇಲ್ಲಿ ಕಡಿಮೆಯಾಯಿತೆಂಬ ಲೆಕ್ಕ ಅದನ್ನು ಬಿಡುವುದಿಲ್ಲ.

ಜೆಬ್ ಆ ಲೆಕ್ಕದಿಂದಲೇ ಹೊರಗೆ ಬಂದರು. 1923ರಲ್ಲಿ ಅವರ ಮುಂದಾಳತ್ವದಲ್ಲಿ ಐದೇ ಅಂಶಗಳ ಒಂದು ಘೋಷಣೆ ಸಿದ್ಧವಾಯಿತು. ಹಸಿದ ಮಗುವಿಗೆ ಅನ್ನ, ಕಾಯಿಲೆ ಬಿದ್ದ ಮಗುವಿಗೆ ಆರೈಕೆ, ಅನಾಥ ಮಗುವಿಗೆ ಆಸರೆ. ಸಂಕಟ ಬಂದಾಗ ಮೊದಲ ನೆರವು ಮಗುವಿಗೆ. ದುಡಿಸಿಕೊಂಡು ಸುಲಿಯುವವರಿಂದ ರಕ್ಷಣೆ. 1924ರ ಸೆಪ್ಟೆಂಬರ್ 26ರಂದು ಜಿನೀವಾದಲ್ಲಿ, ವಿಶ್ವಸಂಸ್ಥೆಗೆ ಮೊದಲಿದ್ದ ರಾಷ್ಟ್ರಸಂಘ ಅದನ್ನು ಒಪ್ಪಿತು. ಅದರ ಪೀಠಿಕೆಯಲ್ಲಿ ಒಂದು ದೊಡ್ಡ ತಿರುವಿದೆ. ಜನಾಂಗ, ದೇಶ, ಮತ ಯಾವುದನ್ನೂ ಎಣಿಸದೆ ಮನುಕುಲ ತನ್ನಲ್ಲಿರುವ ಅತ್ಯುತ್ತಮವಾದುದನ್ನು ಮಗುವಿಗೆ ಸಲ್ಲಿಸಬೇಕಾದ ಬಾಕಿಯಿದೆ ಎಂಬ ಭಾವ ಅಲ್ಲಿದೆ. ಅಂದರೆ ಬೇಡುವ ಸ್ಥಾನದಲ್ಲಿ ಮಗು ಇಲ್ಲ. ಸಾಲಗಾರರು ನಾವು. ಸಾಲ ತೀರಿಸುವವನು ಸಾಲ ಕೊಟ್ಟವನ ಮುಖ ಮುದ್ದಾಗಿದೆಯೇ ಎಂದು ನೋಡುವುದಿಲ್ಲ, ಅವನು ಯಾವ ಕಡೆಯವನೆಂದೂ ಕೇಳುವುದಿಲ್ಲ.

ಹೀಗಿದ್ದೂ ಇಂಥ ಸಂಸ್ಥೆಗಳ ಒಡಲಲ್ಲಿ ಒಂದು ತೊಡಕು ಉಳಿದೇ ಇದೆ. ಮಾತು ಹಕ್ಕಿನದು, ನಡೆಯುವುದು ದೇಣಿಗೆಯಿಂದ. ದೇಣಿಗೆ ಬರಬೇಕಾದರೆ ಯಾರದೋ ಮನಸ್ಸು ಕರಗಬೇಕು, ಕರಗಿಸಲು ಒಂದು ಮುಖ ಬೇಕು. ಟ್ರಫಾಲ್ಗರ್ ಚೌಕದ ಕರಪತ್ರದಲ್ಲೇ ಆ ಮುಖವಿತ್ತು. ಅಲ್ಲಿಂದೀಚೆಗೆ ಕಂಗಾಲು ಕಣ್ಣುಗಳ, ಉಬ್ಬಿದ ಹೊಟ್ಟೆಗಳ ಎಷ್ಟು ಚಿತ್ರಗಳು ಪೋಸ್ಟರುಗಳಲ್ಲಿ, ಟಿವಿಯಲ್ಲಿ ಬಂದುಹೋದವು! ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದೆಂದು ಕೊಡುವವರ ಹೆಸರಿಗೆ ಮರೆ ಕಟ್ಟುವ ನಾವು, ಪಡೆಯುವ ಮಗುವಿನ ಮುಖಕ್ಕೆ ಅಷ್ಟೇ ಮರೆ ಕಟ್ಟಿದ್ದು ಕಡಿಮೆ. ಒಬ್ಬ ದಾನಿಗೆ ಒಂದು ಮಗುವನ್ನು ಗೊತ್ತುಮಾಡಿ, ಆ ಮಗುವಿನಿಂದ ಕೃತಜ್ಞತೆಯ ಪತ್ರ ಬರೆಸುವ ರೂಢಿಯೂ ಹಲವು ಸಂಸ್ಥೆಗಳಲ್ಲಿದೆ. ಇದನ್ನು ಬರಿಯ ಕಪಟವೆಂದು ಬೈದರೆ ಅನ್ಯಾಯವಾದೀತು. ಆ ಚಿತ್ರಗಳು ತಂದ ಹಣದಿಂದ ಬದುಕಿದ ಮಕ್ಕಳಿದ್ದಾರೆ. ಆದರೂ ತನ್ನ ದೈನ್ಯವನ್ನು ತೋರಿಸಿದ ಮೇಲೆ ಸಿಗುವ ಅನ್ನಕ್ಕೂ, ತೋರಿಸದೆಯೇ ಸಿಗುವ ಅನ್ನಕ್ಕೂ ರುಚಿಯಲ್ಲಿ ವ್ಯತ್ಯಾಸವಿದೆ. ಅದು ಉಂಡವರಿಗೆ ಗೊತ್ತು.

1924ರ ಘೋಷಣೆಯಲ್ಲಿ ಇನ್ನೊಂದು ಕೊರತೆಯಿತ್ತು. ಮಗುವಿಗೆ ಏನು ಕೊಡಬೇಕೆಂದು ಅದು ಹೇಳಿತು, ಮಗು ಏನು ಹೇಳುತ್ತದೆಂದು ಕೇಳಲಿಲ್ಲ. ಆ ಮಾತು ಬರಲು 1989ರ ನವೆಂಬರ್ 20ರವರೆಗೆ ಕಾಯಬೇಕಾಯಿತು. ಅಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ 54 ವಿಧಿಗಳಿವೆ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿಗೆ ಅಭಿಪ್ರಾಯ ಹೇಳುವ ಹಕ್ಕಿದೆ, ಅದಕ್ಕೆ ತಕ್ಕ ಬೆಲೆ ಕೊಡಬೇಕು ಎನ್ನುತ್ತದೆ 12ನೇ ವಿಧಿ. ಅಮೆರಿಕವೊಂದನ್ನು ಬಿಟ್ಟು ವಿಶ್ವಸಂಸ್ಥೆಯ ಉಳಿದೆಲ್ಲ ಸದಸ್ಯ ದೇಶಗಳು ಇದಕ್ಕೆ ಬದ್ಧವಾಗಿವೆ. ಭಾರತ 1992ರ ಡಿಸೆಂಬರ್ 11ರಂದು ಒಪ್ಪಿತು. ಒಪ್ಪುವಾಗಲೇ, ಬಾಲಕಾರ್ಮಿಕತೆಯ ಕುರಿತ 32ನೇ ವಿಧಿಯನ್ನು ಹಂತಹಂತವಾಗಿ ಮಾತ್ರ ಜಾರಿಗೆ ತರುವುದಾಗಿ ಹೇಳಿಕೊಂಡಿತು. ಬಾಕಿಯಿದೆಯೆಂದು ಒಪ್ಪಿ ವಾಯಿದೆ ಕೇಳಿದಂತೆ.

ದೂರದ ಜಿನೀವಾದ ಕಾಗದ ನಮ್ಮ ಊರುಗಳಲ್ಲಿ ಏನು ಮಾಡಿತು ಎಂದು ಕೇಳುವವರಿಗೆ ತೋರಿಸಲು ಸ್ವಲ್ಪವಾದರೂ ಇದೆ. ಒಡಂಬಡಿಕೆಯನ್ನು ಭಾರತ ಒಪ್ಪುವ ಮೊದಲೇ, 1990ರಲ್ಲಿ ಕರ್ನಾಟಕದ ದುಡಿಯುವ ಮಕ್ಕಳು ‘ಭೀಮ ಸಂಘ’ ಕಟ್ಟಿಕೊಂಡು ತಮ್ಮ ಮಾತು ತಾವೇ ಆಡತೊಡಗಿದ್ದರು. ಕುಂದಾಪುರ ಸೀಮೆಯಲ್ಲಿ ಮಕ್ಕಳ ಪಂಚಾಯಿತಿಗಳು ನಡೆದವು. 2006ರಲ್ಲಿ ರಾಜ್ಯ ಸರ್ಕಾರ ಮಕ್ಕಳ ಗ್ರಾಮಸಭೆಯನ್ನು ಎಲ್ಲ ಗ್ರಾಮ ಪಂಚಾಯಿತಿಗಳಿಗೂ ವಿಧಿಸಿತು. ಎಷ್ಟೋ ಕಡೆ ಅದು ಹಾರ, ಭಾಷಣ, ಬಿಸ್ಕತ್ತು ಪೊಟ್ಟಣದಲ್ಲಿ ಮುಗಿಯುತ್ತದೆ. ಸರಿಯಾಗಿ ನಡೆದ ಕಡೆ, ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕು, ಶಾಲೆಯ ಶೌಚಾಲಯಕ್ಕೆ ನೀರು ಬೇಕು ಎಂದು ಹುಡುಗಿಯೊಬ್ಬಳು ಎದ್ದು ನಿಂತು ಕೇಳುತ್ತಾಳೆ. ಅವಳ ದನಿಯಲ್ಲಿ ಬೇಡಿಕೆಯಿರುತ್ತದೆ, ಅಂಗಲಾಚಿಕೆ ಇರುವುದಿಲ್ಲ. ಹಿರಿಯರು ಇದನ್ನು ಒಮ್ಮೊಮ್ಮೆ ಉದ್ಧಟತನವೆಂದು ತಿಳಿಯುತ್ತಾರೆ.

ಶಾಲೆಯ ಬಿಸಿಯೂಟದ ಕತೆಯೂ ಇಂಥದೇ. ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಆ ಸಾಲಿನಲ್ಲಿ ಕೂತ ಮಗು ತನ್ನ ಬಡತನದ ಚಿತ್ರ ತೆಗೆಸಿಕೊಳ್ಳಬೇಕಿಲ್ಲ, ಯಾರಿಗೂ ಪತ್ರ ಬರೆಯಬೇಕಿಲ್ಲ, ಜಾಣನಾಗಿರಬೇಕಿಲ್ಲ, ಮುದ್ದಾಗಿರಬೇಕಿಲ್ಲ. ಸಾರು ಚೆನ್ನಾಗಿಲ್ಲವೆಂದು ಮುಖ ಸಿಂಡರಿಸುವ ಸ್ವಾತಂತ್ರ್ಯವೂ ಅದಕ್ಕಿದೆ. ದಾನದ ಅನ್ನದ ಮುಂದೆ ಹಾಗೆ ಮುಖ ಸಿಂಡರಿಸಲು ಧೈರ್ಯ ಸಾಲದು.

ಯುದ್ಧ, ಬರ, ವಲಸೆಗಳು ನಿಂತಿಲ್ಲವಾದ್ದರಿಂದ ಜೆಬ್ ಕಟ್ಟಿದಂಥ ಸಂಸ್ಥೆಗಳಿಗೆ ಕೆಲಸ ಮುಗಿದಿಲ್ಲ. ಕೈಲಾದವರು ಕೊಡುತ್ತಲೇ ಇರಬೇಕಾಗುತ್ತದೆ. ಕೊಡುವಾಗ ಮನಸ್ಸಿಗಾಗುವ ಹಿತವನ್ನೂ ಯಾರೂ ಕಸಿಯಬೇಕಿಲ್ಲ. ಆದರೆ ಪಡೆದ ಮಗು ತಿರುಗಿ ನಕ್ಕಿತೇ, ನೆನೆಯಿತೇ ಎಂದು ಎದುರುನೋಡಿದ ಗಳಿಗೆಯಲ್ಲಿ ನಾವು ಸಾಲಗಾರರ ಜಾಗದಿಂದ ಎದ್ದು ಸಾಹುಕಾರರ ಜಾಗದಲ್ಲಿ ಕೂತಿರುತ್ತೇವೆ. ತನಗೆ ಪ್ರೀತಿ ಹುಟ್ಟಲಿ, ಆಮೇಲೆ ಕೊಡೋಣವೆಂದು ಜೆಬ್ ಕಾದಿದ್ದರೆ ವಿಯೆನ್ನಾದ ಮಕ್ಕಳಿಗೆ ಹಾಲು ಹೋಗುತ್ತಿರಲಿಲ್ಲ.